ಗೇರುಬೀಜದ ರಾಶಿ ಕಾಣುತ್ತದೆ, ನಮ್ಮ ರಾಶಿ ಕಾಣುವುದಿಲ್ಲ

ಕೆಲಸದಲ್ಲಿನ ಪೋಲನ್ನು ಹುಡುಕಿ ತೆಗೆಯುವ ಟೊಯೋಟಾದ ಲೀನ್ ಪದ್ಧತಿ ಕಾರು ತಯಾರಿಸುವವರಿಗೆ ಸರಿ, ನಮ್ಮಂಥ ಕಂಪನಿಯ ಐಟಿ ಕೆಲಸಕ್ಕೆ ಒಗ್ಗುತ್ತದೆಯೇ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಒಗ್ಗುತ್ತದೆ. ಆದರೆ ತರಬೇತಿಗೂ ಪ್ರಮಾಣಪತ್ರಕ್ಕೂ ಈಗಲೇ ದುಡ್ಡು ಸುರಿಯಬೇಡಿ. ನಿಮ್ಮಲ್ಲಿ ಕೆಲಸ ಎಲ್ಲಿ ಬಿದ್ದು ಕೊಳೆಯುತ್ತಿದೆ ಎಂದು ಮೊದಲು ನೋಡಿ.

ನಾನು ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಅಲ್ಲಿ ಸಿಪ್ಪೆ ಸುಲಿಯುವವರ ಕೈ ನಿಧಾನವಾದರೆ ತಿರುಳಿನ ರಾಶಿ ಏರುತ್ತದೆ. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಾರೆ. ಅದೇ ಕಟ್ಟಡದ ಮಾಳಿಗೆಯಲ್ಲಿ ಕುಳಿತ ನಮ್ಮ ಐವರ ಮುಂದೆ ಎಷ್ಟು ರಾಶಿ ಇದೆಯೆಂದು ನಮಗೇ ಗೊತ್ತಿರಲಿಲ್ಲ. ಟೊಯೋಟಾದ ತೈಚಿ ಓನೊ ಗುರುತಿಸಿದ ಏಳು ಬಗೆಯ ಪೋಲುಗಳಲ್ಲಿ ದಾಸ್ತಾನೂ ಒಂದು. 2003ರಲ್ಲಿ ಮೇರಿ ಮತ್ತು ಟಾಮ್ ಪಾಪೆಂಡಿಕ್ ದಂಪತಿ ಆ ಪಟ್ಟಿಯನ್ನು ಸಾಫ್ಟ್‌ವೇರಿಗೆ ಹೊಂದಿಸಿದಾಗ ದಾಸ್ತಾನಿನ ಜಾಗಕ್ಕೆ ಬಂದದ್ದು ಅರ್ಧಂಬರ್ಧ ಮಾಡಿಟ್ಟ ಕೆಲಸ. ಉಳಿದ ಆರರ ಬೆನ್ನು ಹತ್ತುವುದನ್ನು ಆಮೇಲೆ ನೋಡಿಕೊಳ್ಳಿ.

ಕೈಯಲ್ಲಿದ್ದ ಒಂದೊಂದು ಕೆಲಸಕ್ಕೂ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆವು. 24 ಆದವು. ತಿಂಗಳಿಗೆ ಮುಗಿಯುತ್ತಿದ್ದದ್ದು 4. ಸರದಿಯ ಲೆಕ್ಕಕ್ಕೆ ಜಾನ್ ಲಿಟಲ್ ಎಂಬ ಸಂಶೋಧಕರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದಂತೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆರು. ಅಂದರೆ ಕೈಗೆತ್ತಿಕೊಂಡ ಕೆಲಸ ಮುಗಿಯಲು ಸರಾಸರಿ ಆರು ತಿಂಗಳು. ಹುಡುಗರನ್ನು ಗದರಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಒಂದು ಚೀಟಿಯ ಜಾಡು ಹಿಡಿದೆ. ರಫ್ತಿನ ಬಿಲ್ಲಿನಲ್ಲಿ ಡಬ್ಲ್ಯು-320 ದರ್ಜೆಯ ತಿರುಳನ್ನು ಬೇರೆ ಸಾಲಿನಲ್ಲಿ ತೋರಿಸಬೇಕಿತ್ತು, ಅಷ್ಟೆ. ಪ್ರೋಗ್ರಾಂ ಬರೆಯಲು ಹಿಡಿದದ್ದು ಒಂದೂವರೆ ದಿನ. ಲೆಕ್ಕಪತ್ರ ವಿಭಾಗದ ಸಹಿಗಾಗಿ ಕಾದದ್ದು 19 ದಿನ. ಇಂಥ ಚಿಕ್ಕ ಬದಲಾವಣೆಗಳನ್ನು ಬಿಲ್ಲು ಮಾಡುವ ಗುಮಾಸ್ತರೇ ನೋಡಿ ಒಪ್ಪಬಹುದು ಎಂದು ಮಾಡಿಸಿಕೊಂಡೆವು. ಹೊಸ ಕಂಪ್ಯೂಟರ್ ಕೊಂಡಿದ್ದರೂ ಇಷ್ಟು ದಿನ ಉಳಿಯುತ್ತಿರಲಿಲ್ಲ.

ಇನ್ನೊಂದು ನಿಯಮ, ಐವರೂ ಸೇರಿ ಏಕಕಾಲಕ್ಕೆ ಆರಕ್ಕಿಂತ ಹೆಚ್ಚು ಕೆಲಸ ಹಿಡಿಯಬಾರದು. ನಿಜವಾದ ಜಗಳ ಆದದ್ದು ಇಲ್ಲಿ. "ಕೈ ಖಾಲಿ ಕುಳಿತವನಿಗೆ ಸಂಬಳ ಯಾಕೆ?" ಎಂದು ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಗೇರುಬೀಜಕ್ಕೂ ಮತ್ತೊಂದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಮಗೆ ಬರುವ ಕೋರಿಕೆಗಳಲ್ಲಿ ಒಂದು ಗಂಟೆಯಲ್ಲಿ ಮುಗಿದರೆ ಇನ್ನೊಂದು ತಿಂಗಳು ತಿನ್ನುತ್ತದೆ. ಹಾಗಿರುವಾಗ ಎಲ್ಲರ ದಿನವನ್ನೂ ಪೂರ್ತಿ ತುಂಬಿಸಿಟ್ಟರೆ ಸರದಿ ವಿಪರೀತ ಬೆಳೆಯುತ್ತದೆ. ಮೂರು ತಿಂಗಳು ಬಿಟ್ಟು ನೋಡಿ ಎಂದು ಬೇಡಿಕೊಂಡೆ, ಬಿಟ್ಟರು. ಲೀನ್ ಎಂದರೆ ಜನರನ್ನು ಕಡಿಮೆ ಮಾಡುವುದು ಎಂದುಕೊಂಡ ಮಾಲೀಕರಾಗಿದ್ದರೆ ಬಿಡುತ್ತಿರಲಿಲ್ಲ.

ಅಂದ ಹಾಗೆ, ನೀವೂ ಕರಾವಳಿಯವರಾದರೆ ಮಳೆಗಾಲದಲ್ಲಿ ಚೀಟಿಗೆ ಗುಂಡುಪಿನ್ನು ಚುಚ್ಚಿ. ಜುಲೈ ತಿಂಗಳ ತೇವಕ್ಕೆ ನಮ್ಮ ಎರಡು ಚೀಟಿ ಕಳಚಿ ಬಿದ್ದು ಕಸದ ಜೊತೆ ಗುಡಿಸಿಹೋದವು. ನಮಗೆ ಗೊತ್ತಾದದ್ದು ದೀಪಾವಳಿಯ ಹೊತ್ತಿಗೆ. ಆ ಕೆಲಸ ಎಲ್ಲಿಗೆ ಬಂತು ಎಂದು ಅಷ್ಟರವರೆಗೆ ಯಾರೂ ಕೇಳಿರಲಿಲ್ಲ.