ಮಗ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಪ್ರಶ್ನೆ: ಅತ್ತೆ-ಮಾವನವರ ಮದುವೆಯ ಐವತ್ತನೇ ವರ್ಷಕ್ಕೆಂದು ಮನೆಮಂದಿ ಹದಿನಾಲ್ಕು ಜನ ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗಿದ್ದೆವು. ಮೂರನೇ ರಾತ್ರಿ ಹಡಗಿನ ಥಿಯೇಟರಿನಲ್ಲಿ ಮಕ್ಕಳನ್ನು ವೇದಿಕೆಗೆ ಕರೆದು ಮಾತಾಡಿಸುವ ಕಾರ್ಯಕ್ರಮವಿತ್ತು. ಏಳು ವರ್ಷದ ಮಗ ಹಿಂದೆಮುಂದೆ ನೋಡುತ್ತಿದ್ದ. “ಕೈ ಎತ್ತೋ” ಎಂದು ಹುರಿದುಂಬಿಸಿದವಳು ನಾನೇ. ನಿರೂಪಕ “ನಿಮ್ಮಪ್ಪ ಆಫೀಸಿನಿಂದ ಬಂದು ಏನು ಮಾಡ್ತಾರೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ. “ಕೆಳಗೆ ಕಾರಲ್ಲೇ ಕೂತಿರ್ತಾರೆ, ನಾನು ಬಾಲ್ಕನಿಯಿಂದ ನೋಡ್ತೀನಿ” ಅಂದ. “ಅಮ್ಮ?” “ಅಮ್ಮನಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಇರ್ತಾಳೆ.” ಜನ ಬಿದ್ದು ಬಿದ್ದು ನಕ್ಕರು. ಮೈದುನ ಅದನ್ನು ಮೊಬೈಲಿನಲ್ಲಿ ಹಿಡಿದು ರೀಲ್ ಮಾಡಿ ಹಾಕಿದ. ನಮ್ಮವರು “ಮನೆ ಮಾತನ್ನ ಬೀದಿಗೆ ತಂದ” ಎಂದು ಮಗನ ಜೊತೆ ಮೂರು ವಾರದಿಂದ ನೆಟ್ಟಗೆ ಮಾತಾಡಿಲ್ಲ. ಈಗ ಯಾರು ಏನೇ ಕೇಳಿದರೂ ಅವನು ಮೊದಲು ನನ್ನ ಮುಖ ನೋಡುತ್ತಾನೆ. ಮುಂದಿನ ತಿಂಗಳು ಮೈದುನನ ಮಗಳ ಹುಟ್ಟುಹಬ್ಬಕ್ಕೂ ಇವನೇ ಮೈಕ್ ಹಿಡಿಯಬೇಕಂತೆ. ಅಪ್ಪನಿಗೆ ಅವನಿಂದ ಸಾರಿ ಹೇಳಿಸಿಬಿಡಲೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಬೇಡ. ಯಾವುದಕ್ಕೆ ಸಾರಿ? ಪ್ರಶ್ನೆ ಕೇಳಿದರು, ಗೊತ್ತಿದ್ದ ಉತ್ತರ ಹೇಳಿದ. ಶಾಲೆಯಲ್ಲಾದರೆ ಇದಕ್ಕೆ ಕೈ ಮೇಲೆ ಸ್ಟಾರ್ ಒತ್ತಿ ಕಳಿಸುತ್ತಾರೆ.

ಅವನು ಬಿದ್ದದ್ದು ಬಹಳ ಹಳೆಯ ಬಲೆಗೆ. ಅಮೆರಿಕದಲ್ಲಿ ಆರ್ಟ್ ಲಿಂಕ್‌ಲೆಟರ್ ಎಂಬ ನಿರೂಪಕರಿದ್ದರು. 1945ರಲ್ಲಿ ರೇಡಿಯೊದಲ್ಲಿ ಶುರುವಾದ ಅವರ ಕಾರ್ಯಕ್ರಮ 1952ರಿಂದ 1969ರವರೆಗೆ ಟೀವಿಯಲ್ಲೂ ನಡೆಯಿತು. ಅದರಲ್ಲಿ ಪುಟ್ಟ ಮಕ್ಕಳನ್ನು ಸಾಲಾಗಿ ಕೂರಿಸಿ ಮಾತಾಡಿಸುವ ಭಾಗವೇ ಜನಕ್ಕೆ ಅಚ್ಚುಮೆಚ್ಚು. ಇಲ್ಲಿ ಏನನ್ನು ಹೇಳಬಾರದು ಅಂತ ನಿಮ್ಮಮ್ಮ ಹೇಳಿಕೊಟ್ಟಿದ್ದಾರೆ ಎಂದು ಅವರು ಕೇಳುತ್ತಿದ್ದರು. ಮಗು ಅದನ್ನೇ ಹೇಳಿಬಿಡುತ್ತಿತ್ತು! ನಿಮ್ಮ ಹಡಗಿನ ನಿರೂಪಕನೂ ಅದೇ ಕಸುಬಿನವನು. ಇಂಥ ಹಡಗುಗಳಲ್ಲಿ ಗಂಡ-ಹೆಂಡಿರನ್ನು ಕೂರಿಸಿ ಮುಜುಗರದ ಪ್ರಶ್ನೆ ಕೇಳುವ ಆಟವೂ ಇರುತ್ತದೆ. ಅಲ್ಲಿಗೆ ಹೋಗುವ ದೊಡ್ಡವರಿಗೆ ಏನಾಗುತ್ತದೆಂದು ಗೊತ್ತಿರುತ್ತದೆ, ಹೇಳಬೇಕಾದ್ದನ್ನು ಹೇಳಿ ಉಳಿದದ್ದನ್ನು ನುಂಗಿಕೊಳ್ಳುತ್ತಾರೆ. ಏಳರ ಹುಡುಗನಿಗೆ ಆ ನುಂಗುವ ವಿದ್ಯೆ ಇನ್ನೂ ಬಂದಿಲ್ಲ. ಯಾಕಾದರೂ ಬರಬೇಕು ಅನ್ನಿ.

ವೇದಿಕೆ ಮೇಲೆ ನಿಂತವರಿಗೆ ಕಣ್ಣಿಗೆ ಹೊಡೆಯುವ ದೀಪ ಬಿಟ್ಟರೆ ಮುಂದೆಲ್ಲ ಕತ್ತಲೆ. ಅವನಿಗೆ ನಿಮ್ಮ ಮುಖ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಅದು ಮೆಚ್ಚುಗೆಯೋ ಗೇಲಿಯೋ ಅವನು ಹೇಗೆ ತಿಳಿಯಬೇಕು? ಮರುದಿನ ತಿಂಡಿಯ ಹೊತ್ತಿಗೆ ಎಷ್ಟು ಜನ ಅವನ ಕೆನ್ನೆ ಹಿಂಡಿದರೆಂದು ನೀವು ಬರೆದಿಲ್ಲ, ನಾನು ಊಹಿಸಬಲ್ಲೆ. ಗೆದ್ದೆ ಅಂದುಕೊಂಡೇ ಊರಿಗೆ ಬಂದಿರುತ್ತಾನೆ. ಸೋತಿದ್ದೀಯ ಎಂದು ಅವನಿಗೆ ತಿಳಿಸಿದ್ದು ಅಪ್ಪನ ಮೌನ. ಆವತ್ತು ಕತ್ತಲೆಯಲ್ಲಿ ಕಾಣದೇ ಹೋದ ಮುಖವನ್ನು ಅವನೀಗ ಪ್ರತಿ ಮಾತಿಗೂ ಮೊದಲು ಹುಡುಕುತ್ತಿದ್ದಾನೆ. “ನೀನು ಹೇಳಿದ್ದು ನಿಜ. ನಿನ್ನನ್ನು ಅಲ್ಲಿಗೆ ತಳ್ಳಿದ್ದು ನಾನು” ಎಂದು ನೀವೇ ಮೊದಲು ಹೇಳಿ. ಇದು ಹೇಳಬಹುದು, ಅದು ಹೇಳಬಾರದು ಅಂತ ಪಟ್ಟಿ ಕೊಡಬೇಡಿ. ಲಿಂಕ್‌ಲೆಟರ್ ಕಾಲದ ತಾಯಂದಿರೂ ಕೊಟ್ಟಿದ್ದರು. ಇನ್ನು ಮುಂದೆ ಯಾರಾದರೂ ಮೈಕ್ ಚಾಚಿದರೆ “ಅದು ನಮ್ಮನೆ ವಿಷಯ ಅಂಕಲ್” ಅನ್ನುವುದನ್ನು ಕಲಿಸಿ, ಸಾಕು. ಜನ ಅದಕ್ಕೂ ನಗುತ್ತಾರೆ, ಆದರೆ ಪೆಚ್ಚಾಗುವವನು ನಿರೂಪಕ.

ರೀಲ್ ಇವತ್ತೇ ತೆಗೆಸಿ. ನಿಮ್ಮ ಯಜಮಾನರು ಕೂಗಾಡಿ ತೆಗೆಸುವುದು ಬೇಡ, ನೀವು ಓರಗಿತ್ತಿಯ ಮೂಲಕ ಹೇಳಿ, ಬೇಗ ಆಗುತ್ತದೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿದ್ದರೆ ಅಲ್ಲಿಂದಲೂ ಹೋಗಲಿ. ಹುಟ್ಟುಹಬ್ಬದ ಮೈಕಿನ ಬಗ್ಗೆ ಮಗನನ್ನು ಕೇಳಿ, ಅದೂ ಮೈದುನ ಎದುರಿಗಿಲ್ಲದಾಗ. ನಮ್ಮ ದೇಶದಲ್ಲಿ ಟೀವಿ-ಸಿನಿಮಾ ಮಕ್ಕಳಿಗೆಂದು 2017ರಲ್ಲಿ ಬಂದ ನಿಯಮಗಳಿವೆ. ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರಬಾರದು, ಸಂಪಾದನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು, ಮಗುವಿಗೆ ಇಷ್ಟವಿಲ್ಲದಿದ್ದರೆ ಬಲವಂತ ಮಾಡಬಾರದು. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿಗೆ ಜಿಲ್ಲಾಧಿಕಾರಿ ಬರುವುದಿಲ್ಲ. ಅಲ್ಲಿ ಆ ಕೆಲಸ ನಿಮ್ಮದು. ಅವನು ಒಲ್ಲೆ ಅಂದರೆ ಮೈದುನನಿಗೆ “ಇಲ್ಲ” ಅನ್ನುವವರು ನೀವು, ಅವನಲ್ಲ.

ಇನ್ನು ನಿಮ್ಮ ಯಜಮಾನರು. ಅವರಿಗೆ ಅವಮಾನವಾಗಿದ್ದು ಸುಳ್ಳಲ್ಲ. ಹೆತ್ತವರು, ತಮ್ಮ, ನಾದಿನಿ ಎಲ್ಲ ಪಕ್ಕದ ಸೀಟಿನಲ್ಲಿದ್ದರು. ಹಡಗು ಬೇರೆ, ಎದ್ದು ಎಲ್ಲಿಗೆ ಹೋಗುವುದು? ಆಫೀಸಿಗೂ ಮನೆಗೂ ನಡುವೆ ಕಾರಿನಲ್ಲಿ ಒಂದಿಷ್ಟು ಹೊತ್ತು ಒಬ್ಬರೇ ಕೂರುವುದು ಅಪರಾಧವೇನಲ್ಲ. ಬೆಂಗಳೂರಿನ ಟ್ರಾಫಿಕ್ ದಾಟಿ ಬಂದ ಯಾರಿಗಾದರೂ ಆ ಮೌನ ಬೇಕೆನಿಸೀತು. ಆ ಹೊತ್ತಿನಲ್ಲಿ ಅವರು ಮೊಬೈಲ್ ನೋಡುತ್ತಾರೋ, ಸಾಲದ ಲೆಕ್ಕ ಹಾಕುತ್ತಾರೋ, ಮನೆಯೊಳಗಿನ ಯಾವುದಾದರೂ ಮಾತನ್ನು ತಪ್ಪಿಸಿಕೊಳ್ಳುತ್ತಾರೋ, ನೀವು ಕೇಳಿಲ್ಲ. ಗೊತ್ತಿಲ್ಲದ ಹಾಗೆ ಇದ್ದೀರಿ. ನಿಮ್ಮ ಪತ್ರದಲ್ಲಿ ಅವರ ಸಿಟ್ಟಿದೆ, ಮೈದುನನ ರೀಲ್ ಇದೆ, ಮಗ ನಿಮ್ಮ ಬಗ್ಗೆ ಹೇಳಿದ ಮಾತಿಗೆ ನಿಮಗೇನನ್ನಿಸಿತು ಅನ್ನುವುದು ಮಾತ್ರ ಇಲ್ಲ. ಮಗ ಮಲಗಿದ ಮೇಲೆ ಆ ಮಾತಿಗೆ ನೀವಿಬ್ಬರೂ ಕೂರಬೇಕು ತಂಗಿ.

ಕೂತಾಗ ಅವರಿಗೊಂದು ವಿಷಯ ತೋರಿಸಿ. “ಕಾರಲ್ಲೇ ಕೂತಿರ್ತಾರೆ” ಅನ್ನುವುದನ್ನು ಇಡೀ ಥಿಯೇಟರ್ ಕೇಳಿಸಿಕೊಂಡಿತು. ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. “ನಾನು ಬಾಲ್ಕನಿಯಿಂದ ನೋಡ್ತೀನಿ” ಎಂದೂ ಹುಡುಗ ಹೇಳಿದ್ದ. ನಗುವಿನ ಅಬ್ಬರದಲ್ಲಿ ಅದು ಅಪ್ಪನ ಕಿವಿಗೆ ಬಿದ್ದಂತಿಲ್ಲ. ಅದು ದೂರಲ್ಲ, ದಿನಾ ಕಾಯುವ ಹುಡುಗನ ವರದಿ.

ನಾಳೆ ಸಂಜೆ ಇಂಜಿನ್ ಆರಿಸಿದ ಮೇಲೆ ಅವರು ಒಮ್ಮೆ ತಲೆಯೆತ್ತಿ ಬಾಲ್ಕನಿಯತ್ತ ಕೈ ಬೀಸಲಿ. ಹುಡುಗ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿ ಬಂದರೆ ಪಕ್ಕದ ಸೀಟಿನ ಬಾಗಿಲು ತೆಗೆಯಲಿ. ಹತ್ತು ನಿಮಿಷ ಇಬ್ಬರೂ ಅಲ್ಲೇ ಕೂತಿರಲಿ, ಮಾತಾಡದಿದ್ದರೂ ಪರವಾಗಿಲ್ಲ. ಸಾರು ಆರಿದರೆ ಬಿಸಿ ಮಾಡಿಕೊಳ್ಳಬಹುದು.