ಕೈಗೆ ಬಳಪ, ಬಾಣಲೆಗೆ ಹೆಸರುಬೇಳೆ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬಂಗಾಳಿ ಕುಟುಂಬಗಳು ಮಾಘ ಶುದ್ಧ ಪಂಚಮಿಗೆ ಸರಸ್ವತಿ ಪೂಜೆ ಮಾಡುತ್ತವೆ. ಈ ಸಲ ನಮ್ಮ 4 ವರ್ಷದ ಮಗಳಿಗೂ ಅಲ್ಲೇ ಅಕ್ಷರಾಭ್ಯಾಸ ಮಾಡಿಸೋಣ ಎಂದಿದ್ದಾರೆ. 20 ಜನರಿಗೆ ಖಿಚುಡಿ ಮಾಡಲು ನಾನೂ ಒಪ್ಪಿಕೊಂಡಿದ್ದೇನೆ. ಏನೇನು ತಿಳಿದಿರಬೇಕು?
– ಓದುಗರು, ಎಚ್‌ಎಸ್‌ಆರ್ ಬಡಾವಣೆ, ಬೆಂಗಳೂರು

ಉತ್ತರ: ಖಂಡಿತ ಮಾಡಿಸಿ. ನಮ್ಮಲ್ಲಿ ಹೆಚ್ಚಾಗಿ ವಿಜಯದಶಮಿಗೆ ಮಾಡುವ ಶಾಸ್ತ್ರವನ್ನೇ ಅವರು ವಸಂತ ಪಂಚಮಿಗೆ ಮಾಡುತ್ತಾರೆ. ಅದಕ್ಕೆ ‘ಹಾತೇ ಖೋಡಿ’ ಎನ್ನುತ್ತಾರೆ, ಅಂದರೆ ಕೈಗೆ ಬಳಪ. ನಾವು ತಟ್ಟೆಯ ಅಕ್ಕಿಯಲ್ಲಿ ಬರೆಸಿದರೆ ಅವರು ಸ್ಲೇಟಿನ ಮೇಲೆ ಕೈ ಹಿಡಿದು ಬರೆಸುತ್ತಾರೆ. ಮಗಳಿಗೆ ಕನ್ನಡದ ಅ, ಆ ಬರೆಸಬೇಕಿದ್ದರೆ ಪುರೋಹಿತರಿಗೆ ಮೊದಲೇ ಹೇಳಿಡಿ. ಸ್ಲೇಟು ಹಿಂದಿನ ರಾತ್ರಿಯೇ ಒರೆಸಿ ಒಣಗಿಸಿ. ಒದ್ದೆ ಇದ್ದರೆ ಗೆರೆ ಮೂಡುವುದಿಲ್ಲ.

ಪುಷ್ಪಾಂಜಲಿ ಆಗುವುದು ಪಂಚಮಿ ತಿಥಿ ಇರುವಾಗ, ಖಾಲಿ ಹೊಟ್ಟೆಯಲ್ಲಿ. ತಿಥಿ ಎಷ್ಟು ಹೊತ್ತಿನವರೆಗಿದೆ ಎಂದು ಕೇಳಿಕೊಂಡು ಮಗುವಿನ ತಿಂಡಿಯ ವೇಳೆ ಹೊಂದಿಸಿ. ಹೂವು ಒಯ್ಯುವುದಾದರೆ ಮುತ್ತುಗದ ಹೂ ಶ್ರೇಷ್ಠ. ಎಲಚಿ ಹಣ್ಣನ್ನು ನಾವು ಸಂಕ್ರಾಂತಿಗೇ ಮಕ್ಕಳ ತಲೆಗೆ ಎರೆದು ತಿಂದಿರುತ್ತೇವೆ. ಅವರ ಮಕ್ಕಳು ದೇವಿಗೆ ಒಪ್ಪಿಸುವ ತನಕ ತಿನ್ನುವುದಿಲ್ಲ, ಹಾಗಾಗಿ ಮೊದಲೇ ಕೊಡಬೇಡಿ.

ಖಿಚುಡಿಗೆ 1 ಕಿಲೋ ಅಕ್ಕಿ, 1 ಕಿಲೋ ಹೆಸರುಬೇಳೆ. ಅವರ ಗೋವಿಂದಭೋಗ್ ಅಕ್ಕಿ ಸಿಗದಿದ್ದರೆ ಜೀರಾ ಸಾಂಬಾ ಸಾಕು. ಬಾಸುಮತಿ ಬೇಡ, ಅದು ಬೇಳೆಯೊಂದಿಗೆ ಬೆರೆಯದೆ ಉದುರುದುರಾಗಿ ನಿಲ್ಲುತ್ತದೆ. ಬೇಳೆಯನ್ನು ತೊಳೆಯುವ ಮೊದಲೇ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಇಡೀ ರುಚಿ ನಿಂತಿರುವುದು ಇಲ್ಲೇ. ಹುರಿಯದಿದ್ದರೆ ನಮ್ಮ ಪೊಂಗಲ್ಲೇ ಆಗುತ್ತದೆ, ಕಪ್ಪಾದರೆ ಕಹಿ. 8 ಲೀಟರ್ ನೀರಿಗೆ ಮೊದಲು ಬೇಳೆ, ಅದು ಅರೆಬೆಂದ ಮೇಲೆ ಅಕ್ಕಿ, ಹುರಿದ ಆಲೂಗಡ್ಡೆ, ಅರಿಸಿನ, ಶುಂಠಿ. ಹೂಕೋಸು, ಬಟಾಣಿ ಕೊನೆಯಲ್ಲಿ. ತುಪ್ಪದಲ್ಲಿ ಜೀರಿಗೆ, ಪಲಾವ್ ಎಲೆ, ಒಣಮೆಣಸಿನಕಾಯಿ ಒಗ್ಗರಣೆ. ಇದು ಭೋಗ, ಅಂದರೆ ನೈವೇದ್ಯ: ಈರುಳ್ಳಿ, ಬೆಳ್ಳುಳ್ಳಿ ಕೂಡದು, ಉಪ್ಪು ನೋಡಲೆಂದು ನಾಲಿಗೆಗೆ ಹಚ್ಚುವಂತೆಯೂ ಇಲ್ಲ. ಆರಿದಂತೆ ಗಟ್ಟಿಯಾಗುವುದರಿಂದ ಪಕ್ಕದಲ್ಲಿ ಬಿಸಿನೀರು ಇಟ್ಟುಕೊಳ್ಳಿ.

ದೇವಿಯ ಪಾದದ ಬಳಿ ಇಟ್ಟ ಪುಸ್ತಕವನ್ನು ಆ ದಿನ ಮುಟ್ಟುವುದಿಲ್ಲ. ಪರೀಕ್ಷೆಗೆ ಓದುವ ಮಕ್ಕಳು ಕಷ್ಟವೆನಿಸುವ ಒಂದೇ ಪುಸ್ತಕ ಇಟ್ಟರೂ ನಡೆಯುತ್ತದೆ. ಮರುದಿನ ಬೆಳಿಗ್ಗೆ ಲಾಳದ ಕಡ್ಡಿಯ ಲೇಖನಿಯನ್ನು ಹಾಲಿನಲ್ಲಿ ಅದ್ದಿ ಬಿಲ್ವಪತ್ರೆಯ ಮೇಲೆ ‘ಓಂ ಸರಸ್ವತ್ಯೈ ನಮಃ’ ಎಂದು ಬರೆದು, ಆಮೇಲೆ ಪುಸ್ತಕ ತೆಗೆದುಕೊಳ್ಳುತ್ತಾರೆ. ಮಗಳನ್ನು ಅದಕ್ಕೂ ಕರೆದೊಯ್ಯಿರಿ.