ಸಿಟಿ ಕ್ರೈಮ್ ಬಗ್ಗೆ ರಿಸರ್ಚ್ ಮಾಡೋ ಪ್ರೊಫೆಸರ್ ಕೆಲಸ ಹೇಗಿರುತ್ತೆ?
ಅಮೆರಿಕದ ಜಾರ್ಜ್ ಮೇಸನ್ ಯೂನಿವರ್ಸಿಟಿಯ ಡೇವಿಡ್ ವೈಸ್‌ಬರ್ಡ್ ಅವರನ್ನೇ ನೋಡಿ. 1980ರ ದಶಕದಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪೊಲೀಸರ ಜೊತೆ ಬೀಟ್ ಸುತ್ತುವಾಗ್ಲೇ ಅವರಿಗೆ ಕಂಡಿದ್ದು ಏನಂದ್ರೆ, ಕೆಟ್ಟ ಏರಿಯಾ ಅಂತ ಹೆಸರು ಬಿದ್ದಿರೋ ಕಡೆನೂ ಬಹುಪಾಲು ಬೀದಿಗಳು ತಣ್ಣಗಿರ್ತವೆ, ಗಲಾಟೆಯೆಲ್ಲ ಒಂದೆರಡು ಬೀದೀಲೇ. ಆಮೇಲೆ ಅಮೆರಿಕದ್ದೇ ಸಿಯಾಟಲ್ ನಗರದ 1989ರಿಂದ 2002ರವರೆಗಿನ ಪೊಲೀಸ್ ರೆಕಾರ್ಡನ್ನ ಬೀದಿ ಬೀದಿಗೂ ಬಿಡಿಸಿ ಲೆಕ್ಕ ಹಾಕಿದ್ರೆ ಬರೀ ಶೇ 5ರಷ್ಟು ಬೀದಿಗಳಲ್ಲೇ ಸುಮಾರು ಅರ್ಧ ಕ್ರೈಮ್! ಅಲ್ಲಿ ಪೊಲೀಸ್ ಹಾಕಿದ್ರೆ ಕಳ್ಳರು ಪಕ್ಕದ ಬೀದಿಗೆ ಹೋಗ್ತಾರಲ್ವಾ ಅಂತ ಎಲ್ಲರೂ ಕೇಳ್ತಾರೆ, ಅದನ್ನೂ ಜೆರ್ಸಿ ಸಿಟಿಯಲ್ಲಿ ಟೆಸ್ಟ್ ಮಾಡಿದ್ರು, ಪಕ್ಕದ ಜಾಗಗಳೂ ಸುಧಾರಿಸಿದ್ವು. 2010ರಲ್ಲಿ ಕ್ರಿಮಿನಾಲಜಿಗೆ, ಅಂದ್ರೆ ಅಪರಾಧಗಳ ಅಧ್ಯಯನಕ್ಕೆ ಕೊಡೋ ಸ್ಟಾಕ್‌ಹೋಮ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದು ಅನ್ಸೋದು, ಇಡೀ ಏರಿಯಾದ ಜನಕ್ಕೆ ಕಳ್ಳರ ಪಟ್ಟ ಕಟ್ಟೋದು ತಪ್ಪು ಅಂತ ಲೆಕ್ಕ ಸಮೇತ ತೋರಿಸಿದ್ದು.